ಕುರಿಗಾರನ ಕೋಳಿಗಳು

ಘಾಟಬೋರಾಳದ ಅಮೋಘಸಿದ್ದಪ್ಪ ನಲವತ್ತು ವರ್ಷ ಕುರಿ ಕಾಯ್ದವನು. ಅವನ ಮೊಣಕಾಲು ಕೈಕೊಟ್ಟದ್ದು ಎರಡನೆಯ ಮಹಾಯುದ್ಧ ಶುರುವಾದ ವರ್ಷ. ಯುದ್ಧದ ಸುದ್ದಿ ನಿಜಾಮರ ಸೀಮೆಯ ಈ ಮೂಲೆಗೆ ಬಂದು ಮುಟ್ಟುವುದರೊಳಗೆ ಎಂಬತ್ತು ಕುರಿಗಳ ಹಿಂಡು ಮಗ ಪಂಡರಿಯ ಕೈಸೇರಿತ್ತು.

ಕೈಸೇರಿತ್ತು ಎನ್ನುವುದು ಹೆಸರಿಗಷ್ಟೇ. ದಿನಾ ಕೋಲೂರಿಕೊಂಡು ಹೊಲಕ್ಕೆ ಹೋಗುವುದು, ಇಲ್ಲಿ ಯಾಕೆ ಮೇಯಿಸುತ್ತೀ, ಆ ಕುಂಟು ಟಗರನ್ನು ಯಾಕೆ ಹಿಂದೆ ಬಿಟ್ಟೆ ಎಂದು ಮಗನನ್ನು ಝಾಡಿಸುವುದು, ಇದೇ ಸಿದ್ದಪ್ಪನ ಕೆಲಸವಾಯಿತು. ಪಂಡರಿ ಮೀಸೆ ಬಂದು ಹತ್ತು ವರ್ಷವಾದ ಗಂಡಸು. ಎಷ್ಟು ದಿನ ತಡೆದಾನು? ನಾಲ್ಕು ಜನರ ಎದುರು ಅಪ್ಪ ಅವನ ಕೈಯಿಂದ ಕೋಲು ಕಸಿದುಕೊಂಡ ದಿನ ಬಾಯಿಬಿಟ್ಟ.

"ಕುರಿ ನನಗ ಕೊಟ್ಟೀಯೋ ಇಲ್ಲೋ, ಅಷ್ಟು ಹೇಳಪ್ಪಾ. ಕೊಟ್ಟಿದ್ರ ನನ್ನ ಪಾಡಿಗೆ ನನ್ನ ಬಿಡು. ಇಲ್ಲಾಂದ್ರ ನಿನ್ನ ಕುರಿ ನೀನೇ ಇಟ್ಕೋ, ನಾ ಹುಮನಾಬಾದಕ್ಕ ಹೋಗಿ ಹಮಾಲಿ ಮಾಡ್ತೀನಿ."

ಅಂದಿನಿಂದ ಅವನು ಕುರಿಗಳ ಜೊತೆ ಹೊಲದಲ್ಲೇ ಮಲಗತೊಡಗಿದ. ಬೆಳಿಗ್ಗೆ ಮನೆಗೆ ಬಂದು ಬುತ್ತಿ ಕಟ್ಟಿಸಿಕೊಂಡು, ಅವ್ವನ ಜೊತೆ ಎರಡು ಮಾತಾಡಿ, ಅಪ್ಪನ ಕಡೆ ನೋಡದೆ ಹೋಗುತ್ತಿದ್ದ.

ತಾಯಿ ಮಾಣಿಕಮ್ಮನಿಗೆ ಹೆದರಿಕೆಯಾಯಿತು. ಗಂಡನ ಕೈಗೆ ಏನಾದರೂ ಕೆಲಸ ಕೊಡದಿದ್ದರೆ ಮಗ ಊರು ಬಿಡುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ಹುಮನಾಬಾದ ಸಂತೆಯಿಂದ ಬರುವಾಗ ಅವಳ ತಲೆಯ ಮೇಲಿನ ಬುಟ್ಟಿಯಲ್ಲಿ ಎರಡು ಕೋಳಿ, ಒಂದು ಹುಂಜ ಇದ್ದವು.

"ಇವನ್ನ ಕಾಯ್ರಿ," ಎಂದು ಬುಟ್ಟಿಯನ್ನು ಗಂಡನ ಮುಂದಿಟ್ಟಳು. "ಹೊಲದ ಕಡಿ ಕಾಲಿಡಬ್ಯಾಡ್ರಿ."

"ಎಂಬತ್ತು ಕಾಯ್ದಾವಗ ಮೂರು ಯಾವ ಲೆಕ್ಕ?" ಎಂದ ಸಿದ್ದಪ್ಪ.

ಮರುದಿನ ಬೆಳಿಗ್ಗೆ ಅವನು ಹೆಗಲಿಗೆ ಕಂಬಳಿ ಹಾಕಿಕೊಂಡು, ಕೋಲು ಹಿಡಿದು, ಮೂರೂ ಕೋಳಿಗಳನ್ನು ಅಂಗಳದಿಂದ ಹಿತ್ತಲಿಗೆ ಮೇಯಿಸಲು ಹೊಡೆದುಕೊಂಡು ಹೊರಟ. ಬಾಯಲ್ಲಿ ಹಿಂಡಿಗೆ ಹಾಕುವ ಅದೇ "ಹುರ್ರ್ಯಾ". ಕುರಿಗಳಾದರೆ ಒಂದು ಹೋದ ಕಡೆ ಉಳಿದವು ಹೋಗುತ್ತವೆ. ಇವಕ್ಕೆ ಆ ಬುದ್ಧಿ ಎಲ್ಲಿಂದ ಬರಬೇಕು? ಹುಂಜ ಮಾಳಿಗೆ ಹತ್ತಿತು. ಕರಿಕೋಳಿ ಒಲೆಯ ಹಿಂದೆ ಸೇರಿತು. ಕೆಂದು ಬಣ್ಣದ್ದು ಗೋಡೆ ಹಾರಿ ಪಕ್ಕದ ಮನೆಯ ಕುಲ್ಸುಮ್ ಬೀಯ ಅಂಗಳಕ್ಕೆ ಬಿತ್ತು.

ಕುಲ್ಸುಮ್ ಬೀಯ ತವರು ಬಸವಕಲ್ಯಾಣ. ಆಗ ಆ ಊರಿಗೆ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿಂದ ಮದುವೆಯಾಗಿ ಬರುವಾಗ ಒಂದು ಕೋಳಿ ತಂದವಳು, ಮೂವತ್ತು ವರ್ಷದಿಂದ ಅವಳ ಅಂಗಳ ಕೋಳಿಯಿಲ್ಲದೆ ಇದ್ದದ್ದಿಲ್ಲ. ಕೆಂದು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಿಗೆ ಬಂದಳು.

"ಸಿದ್ದಪ್ಪಣ್ಣ, ಫೌಜು ಎಲ್ಲಿಗಿ ಹೊಂಟಿತ್ತು?"

"ಮೇಸಾಕ ಒಯ್ಯಾಕತ್ತಿದ್ನವ್ವ," ಎಂದ ಸಿದ್ದಪ್ಪ ಮುಖ ಗಂಟು ಹಾಕಿ. "ಹಾದಿ ಹಿಡಿಯಾಂಗಿಲ್ಲ ಇವು."

ಕುಲ್ಸುಮ್ ಬೀ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. "ಕೋಳಿ ಹೊಡ್ಕೊಂಡು ಹೋಗೋದು ನಾ ಇವತ್ತೇ ನೋಡಿದ್ದು. ಹೊಸ ಕೋಳಿ ಮೂರು ದಿನ ಬುಟ್ಟ್ಯಾಗ ಮುಚ್ಚಿಡ್ರಿ, ಮನಿ ಗುರ್ತು ಹಿಡೀತಾವ. ಆಮ್ಯಾಲ ಬಿಡ್ರಿ. ಹೊತ್ತು ಮುಳುಗೋ ಮುಂದ ಒಂದು ಹಿಡಿ ಜೋಳ ಚೆಲ್ಲಿ ಸುಮ್ಮ ಕೂಡ್ರಿ. ತಾವೇ ಬರ್ತಾವ."

ತಾವೇ ಬರುತ್ತವೆ ಎನ್ನುವುದನ್ನು ಸಿದ್ದಪ್ಪ ನಂಬಲಿಲ್ಲ. ಆದರೂ ಹೇಳಿದ ಹಾಗೆ ಮಾಡಿದ. ನಾಲ್ಕನೆಯ ದಿನ ಸಂಜೆ ಜೋಳ ಚೆಲ್ಲಿ ಕಟ್ಟೆಯ ಮೇಲೆ ಕೂತ. ಮೂರೂ ಕೋಳಿ ಮೂರು ದಿಕ್ಕಿನಿಂದ ಬಂದು, ಕಾಳು ತಿಂದು, ಒಂದರ ಹಿಂದೊಂದು ಗೂಡಿಗೆ ಹೋದವು. ಅವನು ಮಾಣಿಕಮ್ಮನನ್ನು ಕರೆದು ಅದನ್ನು ಎರಡು ಸಲ ಹೇಳಿದ. ಆಮೇಲೆ ದಿನಾ ಸಂಜೆ ಆ ಹೊತ್ತಿಗಾಗಿ ಕಾಯತೊಡಗಿದ. ಕೆಂದು ಕೋಳಿಗೆ ಕೆಂಚಿ ಎಂದು ಹೆಸರಿಟ್ಟ. ಅದು ಅವನ ತೊಡೆಯ ಮೇಲೆ ಬಂದು ಕೂರುವಷ್ಟು ಸಲಿಗೆ ಬೆಳೆಸಿತು. ಸಿದ್ದಪ್ಪ ಸುಖವಾಗಿದ್ದ. ಮಗನ ಮಾತು ಬಂದಾಗ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

ಮಾಘ ಮಾಸದಲ್ಲಿ ಕೆಂಚಿ ಮೈ ಉಬ್ಬಿಸಿಕೊಂಡು ಕಾವಿಗೆ ಕೂತಿತು. ಕುಲ್ಸುಮ್ ಬೀ ಬುಟ್ಟಿಯಲ್ಲಿ ಜೋಳದ ಹೊಟ್ಟು ಹಾಸಿ, ಹನ್ನೊಂದು ತತ್ತಿ ಇಟ್ಟು, ಗುಡುಗಿಗೆ ಕೆಡದಿರಲಿ ಎಂದು ಒಂದು ಇದ್ದಿಲ ಚೂರನ್ನೂ ಇಟ್ಟಳು. ಸಿದ್ದಪ್ಪ ದಿನಕ್ಕೊಂದರಂತೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದ. ಇಪ್ಪತ್ತೊಂದನೆಯ ಗೆರೆಯ ದಿನ ಬೆಳಿಗ್ಗೆ ಒಂದು ತತ್ತಿಯಲ್ಲಿ ಸಣ್ಣ ತೂತು ಕಂಡಿತು. ಒಳಗಿಂದ ಚಿಂವ್ ಚಿಂವ್ ಎಂಬ ಸದ್ದು.

ಅವನು ಪಕ್ಕದಲ್ಲೇ ಕೂತ. ಮಧ್ಯಾಹ್ನವಾದರೂ ತೂತು ದೊಡ್ಡದಾಗಲಿಲ್ಲ. ನೂರಾರು ಕುರಿಗಳ ಬಾಣಂತನ ಮಾಡಿದ ಕೈ ಅವನದು. ಮರಿ ಸಿಕ್ಕಿಕೊಂಡರೆ ಎಳೆದು ತೆಗೆಯಬೇಕು, ತಡ ಮಾಡಿದರೆ ಜೀವ ಹೋಗುತ್ತದೆ, ಅದು ಅವನಿಗೆ ಚೆನ್ನಾಗಿ ಗೊತ್ತು. ಉಗುರಿನಿಂದ ಮೆಲ್ಲಗೆ ಸಿಪ್ಪೆ ಸುಲಿದ. ಒಳಪೊರೆ ಹರಿದು ರಕ್ತ ಬಂತು. ಒದ್ದೆ ಮರಿ ಅವನ ಅಂಗೈಯಲ್ಲಿ ಒಂದಿಷ್ಟು ಹೊತ್ತು ಒದ್ದಾಡಿ ತಣ್ಣಗಾಯಿತು.

ಅವನು ಕುಲ್ಸುಮ್ ಬೀಯ ಬಾಗಿಲಿಗೆ ಹೋಗಿ ಕೈ ಚಾಚಿ ತೋರಿಸಿದ. ಅವಳು ಈ ಸಲ ನಗಲಿಲ್ಲ.

"ಕುರಿಮರಿ ಎಳೀಬೇಕಣ್ಣ, ಕೋಳಿಮರಿ ಎಳೀಬಾರ್ದು. ತತ್ತಿ ಒಡದ ಮ್ಯಾಲೂ ಅದು ಒಳಗ ಕುಂತು ಪೊರಿಯಾಗಿನ ರಕ್ತ ಎಲ್ಲಾ ಹೀರ್ಕೋತದ. ಅದಕ್ಕ ಒಂದು ದಿನ ಬೇಕು. ನೀವು ಒಳ್ಳೇದಕ್ಕೇ ಮಾಡೀರಿ, ಖರೆ. ಇನ್ನ ಮುಟ್ಟಬ್ಯಾಡ್ರಿ."

ಸಿದ್ದಪ್ಪ ಹಿತ್ತಲಲ್ಲಿ ಕುಣಿ ತೋಡಿ ಮರಿಯನ್ನು ಮುಚ್ಚಿದ. ತನ್ನ ಕೈಯಾರೆ ಕೊಂದೆ ಎಂಬ ಸಂಕಟಕ್ಕೆ ಅಂದು ಅನ್ನ ಸೇರಲಿಲ್ಲ. ಬುಟ್ಟಿಯ ಪಕ್ಕ ಮತ್ತೆ ಕೂತಾಗ ಎರಡೂ ಕೈಗಳನ್ನು ಕಂಬಳಿಯೊಳಗೆ ಹಾಕಿ, ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡ.

ಮರುದಿನ ಬೆಳಿಗ್ಗೆಯ ಹೊತ್ತಿಗೆ ಒಂಬತ್ತು ಮರಿಗಳು ಹೊರಗೆ ಬಂದಿದ್ದವು. ಒಂದು ತತ್ತಿ ಉಳಿದಿತ್ತು, ಅರ್ಧ ಬಿರಿದು ನಿಂತಿತ್ತು. ಪಂಡರಿ ಬುತ್ತಿಗೆ ಬಂದ. ಅಪ್ಪ ಮೈತುಂಬ ಕಂಬಳಿ ಸುತ್ತಿಕೊಂಡು ಕೂತಿದ್ದನ್ನು ಕಂಡು, ಮಾತು ಬಿಟ್ಟದ್ದು ಮರೆತು ಕೇಳಿದ.

"ಚಳಿ ಬಂದಾವೇನು?"

"ಇಲ್ಲ. ಕೈ ಸುಮ್ಮ ಇರಾಂಗಿಲ್ಲ."

ಪಂಡರಿ ಕುಕ್ಕರಗಾಲಲ್ಲಿ ಕೂತು ತತ್ತಿ ನೋಡಿದ. ಅವನೂ ಕುರಿಗಾರನೇ ತಾನೆ, ಕೈ ತಾನಾಗಿ ಮುಂದೆ ಹೋಯಿತು.

"ಬ್ಯಾಡ," ಎಂದ ಸಿದ್ದಪ್ಪ. "ನಿನ್ನೆ ನಾ ಒಂದು ಕೊಂದೀನಿ."

ಮಗ ಕೈ ಹಿಂದೆ ತೆಗೆದುಕೊಂಡ. ಇಬ್ಬರೂ ಕೂತೇ ಇದ್ದರು. ಮಾಣಿಕಮ್ಮ ಬುತ್ತಿ ಕಟ್ಟಿ ತಂದವಳು ಅವರನ್ನು ನೋಡಿ, ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಹೋದಳು. ಬಹಳ ಹೊತ್ತಿನ ಮೇಲೆ ತತ್ತಿ ಎರಡು ಹೋಳಾಗಿ, ಮರಿ ಹೊರಳಿಕೊಂಡು ಹೊರಗೆ ಬಂತು.

ಪಂಡರಿ ಎದ್ದ. "ಈ ಸಲ ಬ್ಯಾಸಗಿಗೆ ಹಳ್ಳಿಖೇಡ ಕಡಿ ಹೋಗಾಂಗಿಲ್ಲ. ಕಲ್ಯಾಣಿ ಕಡಿ ಒಯ್ತೀನಿ ಕುರಿ. ಅಲ್ಲಿ ಹೊಲದಾವ್ರು ಗೊಬ್ಬರಕ್ಕ ರಾತ್ರಿ ಹೊಲದಾಗ ಹಿಂಡು ತರುಬಾಕ ಕರದಾರ," ಎಂದು ಗೋಡೆಯ ಕಡೆ ನೋಡುತ್ತ ಹೇಳಿದ.

ಸಿದ್ದಪ್ಪನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಅಲ್ಲಿ ನೀರಿನ ತ್ರಾಸು, ನಿನಗೆ ಹಾದಿ ಗೊತ್ತಿಲ್ಲ, ಕುರಿ ಸಾಯಿಸುತ್ತೀ. ಕಂಬಳಿಯೊಳಗೆ ಮುಷ್ಟಿ ಬಿಗಿಹಿಡಿದ.

"ಹೂಂ. ಹೋಗಿ ಬಾ," ಎಂದ.

ಪಂಡರಿ ಬುತ್ತಿ ತೆಗೆದುಕೊಂಡು ಹೊಸ್ತಿಲ ತನಕ ಹೋದ. ಅಲ್ಲೇ ನಿಂತ. ಹೊರಳಿ ಬಂದ.

"ಅಪ್ಪಾ, ಆ ಹಾದಿಗಿ ನೀರು ಎಲ್ಲೆಲ್ಲಿ ಅದ?"

ಸಿದ್ದಪ್ಪನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ಅವನಿಗೆ ಬರಲಿಲ್ಲ, ಮುಚ್ಚಿಡಲೂ ಇಲ್ಲ. ಕಂಬಳಿಯಿಂದ ಕೈ ಹೊರತೆಗೆದು, ಕೋಲಿನಿಂದ ಅಂಗಳದ ಮಣ್ಣಿನಲ್ಲಿ ಹಾದಿ ಗೀಚಿದ. ನೀರಿದ್ದಲ್ಲೆಲ್ಲ ಒಂದೊಂದು ಜೋಳದ ಕಾಳು ಇಡುತ್ತ ಹೋದ. ಇದು ರಾಜೇಶ್ವರದ ಬಾವಿ, ಇದು ಬೇವಿನ ಮರದ ಕೆಳಗಿನ ಒರತೆ, ಇದು ಗೋರ್ಟಾ ಹಾದಿಯ ಹಳ್ಳ. ಏಳನೆಯ ಕಾಳು ಇಡುವಷ್ಟರಲ್ಲಿ ಕರಿಕೋಳಿ ಓಡಿಬಂದು ಒಂದು ಕಡೆಯಿಂದ ಬಾವಿ, ಒರತೆ, ಹಳ್ಳಗಳನ್ನೆಲ್ಲ ಹೆಕ್ಕಿ ನುಂಗಿತು. ಎರಡೇ ಕಾಳು ಉಳಿದವು.

ಪಂಡರಿ ನಗತೊಡಗಿದ. ಸಿದ್ದಪ್ಪ ಕೈಯಲ್ಲಿದ್ದ ಕಾಳುಗಳನ್ನು ನೋಡಿದ, ಮತ್ತೆ ಇಡಲು ಬಗ್ಗಿದ. ಬಗ್ಗಿದವನು ತಡೆದು, ಅವನ್ನು ಕೋಳಿಯ ಮುಂದೆ ಚೆಲ್ಲಿಬಿಟ್ಟ.

"ಎರಡು ಸಾಕು," ಎಂದ. "ಉಳಿದದ್ದು ನೀನೇ ಹುಡುಕ್ಕೋ."