ರಕ್ತ ಬೇಡವಂತೆ

ಬೆನ್ನುಮೂಳೆಯ ಕೆಳಗಿನ ಎರಡು ಮಣಿಗಳು ಜಾರಿವೆ, ಸ್ಕ್ರೂ ಹಾಕಿ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಿದಾಗ ಟೈಲರಕ್ಕನಿಗೆ ಅಷ್ಟೇನೂ ಹೆದರಿಕೆಯಾಗಲಿಲ್ಲ. ಮೂವತ್ತು ವರ್ಷ ಹೊಲಿಗೆ ಮಷೀನಿನ ಮುಂದೆ ಬಗ್ಗಿದ ಬೆನ್ನು, ಇಷ್ಟು ದಿನ ಬಾಳಿದ್ದೇ ಹೆಚ್ಚು ಎಂದುಕೊಂಡಳು. ಹೆದರಿಕೆ ಹುಟ್ಟಿದ್ದು ರಕ್ತನಿಧಿಯ ಕಿಟಕಿಯ ಮುಂದೆ.

"ನಿಮ್ದು ಓ ನೆಗೆಟಿವ್ ಅಮ್ಮಾ. ನಮ್ಮಲ್ಲಿರೋದು ಒಂದೇ ಬಾಟ್ಲಿ," ಎಂದ ಕಿಟಕಿಯೊಳಗಿನವನು. "ಈ ಆಪರೇಷನ್‌ನಲ್ಲಿ ರಕ್ತ ಜಾಸ್ತಿ ಹೋಗುತ್ತೆ. ಮನೇಲಿ ಅದೇ ಗ್ರೂಪಿನವರು ಯಾರಾದ್ರೂ ಇದಾರಾ?"

"ಮನೇಲಿ ಇರೋದು ನಾನೊಬ್ಳೇ."

"ಒಡಹುಟ್ಟಿದೋರು?"

ತಮ್ಮನಿದ್ದ. ಗ್ರೂಪೂ ಅದೇ. ಆದರೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಅಮ್ಮ ತೀರಿಕೊಂಡಾಗ ಅವನು ಬಂದದ್ದು ಎಲ್ಲ ಮುಗಿದ ಮೇಲೆ. "ನೆಂಟರ ಹಾಗೆ ಬಂದಿದೀಯ, ನೆಂಟರ ಹಾಗೇ ಹೋಗು," ಎಂದು ಇವಳು ಎಲ್ಲರೆದುರು ಅಂದುಬಿಟ್ಟಿದ್ದಳು. ಅವನು ಒಂದು ಲೋಟ ನೀರೂ ಕುಡಿಯದೆ ಹೋಗಿದ್ದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಫೋನ್ ಮಾಡಿದಳು.

"ನಾನು."

"ಅಕ್ಕನಾ?"

ಆಪರೇಷನ್ನಿನ ವಿಷಯ ಹೇಳಿದಳು. ಹೇಗಿದ್ದೀಯ ಎಂದು ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

"ಯಾವತ್ತು?"

"ಗುರುವಾರ."

"ಬುಧವಾರ ಬರ್ತೀನಿ."

ಅಷ್ಟೇ ಮಾತು. ಮನೆಗೆ ಬಂದವಳು ಎರಡನೇ ಕುರ್ಚಿಯ ಮೇಲೆ ವರ್ಷಗಳಿಂದ ಗುಡ್ಡೆ ಬಿದ್ದಿದ್ದ ಚೂರುಬಟ್ಟೆ ತೆಗೆದಳು. ಬಗ್ಗಲಾಗದೆ ಗೋಡೆ ಹಿಡಿದುಕೊಂಡು ಕಾಲಲ್ಲೇ ನೆಲ ಒರೆಸಿದಳು.

ಮಂಗಳವಾರ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಮಧ್ಯಾಹ್ನ ಅರಿವಳಿಕೆ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹೆಂಗಸು. ಕಾಲಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಫಿಟ್ಸ್ ಬಂದಿತ್ತೇ ಎಂದೆಲ್ಲ ಕೇಳಿ ಬರೆದುಕೊಂಡರು.

"ನಿಮ್ಮ ರಕ್ತದ ವರದಿ ಚೆನ್ನಾಗಿದೆ. ಕೊಯ್ಯೋ ಮುಂಚೆ ಡ್ರಿಪ್ಪಲ್ಲಿ ಒಂದು ಔಷಧಿ ಶುರು ಮಾಡ್ತೀವಿ. ಗಾಯದಲ್ಲಿ ರಕ್ತ ತಾನೇ ಹೆಪ್ಪುಗಟ್ಟುತ್ತಲ್ಲ, ಆ ಹೆಪ್ಪು ಬೇಗ ಕರಗದ ಹಾಗೆ ಅದು ತಡೆಯುತ್ತೆ. ರಕ್ತ ಹೋಗೋದು ಕಮ್ಮಿ ಆಗುತ್ತೆ. ಇರೋ ಬಾಟ್ಲಿ ಕೈಗೆ ಸಿಗೋ ಹಾಗೆ ಇಟ್ಕೊಂಡ್ರೆ ಸಾಕು."

"ನನ್ನ ತಮ್ಮ ದೂರದೂರಿಂದ ಬರ್ತಾ ಇದಾನೆ, ರಕ್ತ ಕೊಡಕ್ಕೆ."

"ಪಾಪ, ಅಷ್ಟು ದೂರದಿಂದ ಯಾಕೆ? ಬೇಡ ಅಂತ ಹೇಳಿಬಿಡಿ," ಎಂದು ನಗುತ್ತಾ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಹೇಳದೆ ಇದ್ದುಬಿಡಲೇ ಎಂದು ಟೈಲರಕ್ಕ ಒಂದು ಗಂಟೆ ಯೋಚಿಸಿದಳು. ಬಂದ ಮೇಲೆ ತಿಳಿದರೆ? ಸುಳ್ಳು ಹೇಳಿ ಕರೆಸಿಕೊಂಡಳು ಅಂದುಕೊಂಡರೆ? ಕೊನೆಗೆ ಫೋನ್ ಮಾಡಿದಳು.

"ರಕ್ತ ಬೇಡ್ವಂತೆ ಕಣೋ. ಏನೋ ಔಷಧಿ ಕೊಡ್ತಾರಂತೆ."

"ಹೌದಾ? ಒಳ್ಳೇದೇ ಆಯ್ತಲ್ಲ." ತಡೆದು, "ಹಾಗಾದ್ರೆ..." ಎಂದ.

ಅವನ ಬಾಯಿಂದ ಆ ಮಾತು ಬರುವುದು ಅವಳಿಗೆ ಬೇಕಿರಲಿಲ್ಲ. "ಬರೋದು ಬೇಡ ಬಿಡು. ನಿಂಗೂ ರಜೆ ತಾಪತ್ರಯ," ಎಂದು ತಾನೇ ಮುಗಿಸಿದಳು.

"ಸರಿ," ಎಂದ ಅವನು.

ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದು ಅವಳ ಅಂಗಡಿಯ ಪಕ್ಕದ ಬೀಗ ರಿಪೇರಿಯವರು. ಸಂಬಂಧ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ಪಕ್ಕದವರು' ಎಂದು ಬರೆದು, ಗಿರಾಕಿ ಕಾಯುತ್ತಿದ್ದಾರೆಂದು ಹೊರಟುಹೋದರು.

ಗುರುವಾರ ಆಪರೇಷನ್ ಮುಗಿದು ಎಚ್ಚರವಾದಾಗ ಅದೇ ಅರಿವಳಿಕೆ ಡಾಕ್ಟರು ಮುಖದ ಹತ್ತಿರ ಬಗ್ಗಿದ್ದರು. "ಎಲ್ಲ ಚೆನ್ನಾಗಾಯ್ತು. ಬೇರೆಯವರ ರಕ್ತ ಒಂದು ಹನಿನೂ ಬೇಕಾಗಲಿಲ್ಲ!"

ಟೈಲರಕ್ಕನ ಕಣ್ಣಿಂದ ನೀರು ಕಿವಿಯತ್ತ ಇಳಿಯಿತು. ನೋವಿರಬೇಕು ಎಂದು ನರ್ಸ್ ಇಂಜೆಕ್ಷನ್ ಕೊಟ್ಟಳು.

ನಾಲ್ಕನೇ ದಿನ ವಾಕರ್ ಹಿಡಿದು ಹತ್ತು ಹೆಜ್ಜೆ ನಡೆದಳು. ತಿಂಗಳುಗಟ್ಟಲೆ ಕಾಡಿದ್ದ ಕಾಲಿನ ಜೋಮು ಹೋಗಿತ್ತು. ನಡೆದದ್ದನ್ನು ಯಾರಿಗೆ ಹೇಳುವುದು? ಪಕ್ಕದ ಮಂಚದವಳ ಸುತ್ತ ಮಗಳು, ಸೊಸೆ, ಮೊಮ್ಮಕ್ಕಳು ತುಂಬಿದ್ದರು. ಟೈಲರಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿ ಫೋನ್ ತೆಗೆದಳು.

"ಅಕ್ಕಾ? ಏನಾಯ್ತು? ರಕ್ತ ಬೇಕಂತಾ?"

"ಇಲ್ಲ."

"ಮತ್ತೆ? ಏನಾದ್ರೂ ತರಬೇಕಿತ್ತಾ?"

"ಏನೂ ಬೇಡ. ಸುಮ್ನೆ ಮಾಡ್ದೆ."

ಆ ಕಡೆ ಯಾವುದೋ ಯಂತ್ರ ಗರಗರ ಎನ್ನುತ್ತಿತ್ತು. ಇಟ್ಟುಬಿಡುತ್ತಾನೆ ಎಂದುಕೊಂಡಳು.

"ಕೈಯೆಲ್ಲ ಗ್ರೀಸು," ಎಂದ ತಮ್ಮ. "ತೊಳ್ಕೊಂಡು ಬರ್ತೀನಿ. ಇಡಬೇಡ, ಇರು."

ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತಾ ಮಲಗಿದಳು.