ಚಪ್ಪಲಿ ಬಿಡದ ಶಮಶೇರಸಾಬರು

ಹಳೇ ಮನೆ ಕೊಳ್ಳುವವರು ಏನೇನು ನೋಡುತ್ತಾರೆ ಹೇಳಿ? ಬಾಗಿಲು ಯಾವ ದಿಕ್ಕಿಗಿದೆ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಾಳಿಗೆ ಸೋರುತ್ತದೋ ಇಲ್ಲವೋ. ತೊಂಬತ್ತೊಂದನೆಯ ಇಸವಿಯಲ್ಲಿ ಬ್ಯಾಡಗಿಯಲ್ಲಿ ಒಂದು ಹಳೇ ಮನೆ ಕೊಂಡಾಗ ನಾವೂ ಅಷ್ಟೇ ನೋಡಿದೆವು. ಪಂಚಾಂಗ ತೆಗೆಸಿ ಮುಹೂರ್ತವನ್ನೂ ಕೇಳಿದೆವು. ವೈರಿಂಗ್ ನೋಡಲು ಮಾತ್ರ ಯಾರನ್ನೂ ಕರೆಯಲಿಲ್ಲ. ಕರೆಯಬೇಕೆಂದು ಹೊಳೆಯಲೇ ಇಲ್ಲ. ಆ ಒಂದು ತಪ್ಪಿನಿಂದ ನಮ್ಮ ಅತ್ತೆಯವರನ್ನು ಕಳೆದುಕೊಳ್ಳುವವರಿದ್ದೆವು. ಉಳಿಸಿಕೊಟ್ಟವರು ಇಬ್ಬರು. ಅವರನ್ನು ನೆನೆಯಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ನಲಿನಿ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನನ್ನ ಯಜಮಾನರು ಗಂಗಾಧರ, ಪೋಸ್ಟಾಫೀಸಿನಲ್ಲಿ ಕಾರಕೂನರು. ಅತ್ತೆ ಸರಸ್ವತೀಬಾಯಿ ಮದುವೆಯಾದಾಗಿನಿಂದ ರಾಣೆಬೆನ್ನೂರಿನ ಬಾಡಿಗೆ ಮನೆಗಳಲ್ಲೇ ಬಾಳಿದವರು. ನಾಲ್ಕು ಮನೆಗೆ ಒಂದೇ ಬಚ್ಚಲು. ತಲೆಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋದರೆ ಸಾಕು, ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರಂತೆ. ಸ್ವಂತ ಬಚ್ಚಲಿನಲ್ಲಿ ಕುಳಿತು, ಯಾರ ಅವಸರವೂ ಇಲ್ಲದೆ ಒಮ್ಮೆ ಜಳಕ ಮಾಡಬೇಕು ಎಂಬುದು ಅವರ ಆಸೆ. ಮನೆ ನೋಡಲು ಹೋದ ದಿನ ಅವರು ದೇವರ ಕೋಣೆಗಿಂತ ಮೊದಲು ಬಚ್ಚಲನ್ನೇ ಹೊಕ್ಕು ನೋಡಿದರು.

ಅಲ್ಲಿ ಸೊಂಟದೆತ್ತರದ ತಾಮ್ರದ ಬಂಬ ಇತ್ತು. ಮೊದಲು ಕಟ್ಟಿಗೆ ಹಾಕಿ ನೀರು ಕಾಯಿಸುತ್ತಿದ್ದ ಆ ಬಂಬಕ್ಕೆ ಹಳೇ ಮನೆಯವರು ಕರೆಂಟಿನ ಕಾಯಿಲ್ ಕೂಡಿಸಿದ್ದರು. ಬಂಬದ ಮುಂದೆ ಒಂದು ದಪ್ಪ ಸಾಗವಾನಿ ಮಣೆ. ಮಾರಿದವರು ಮೆಣಸಿನಕಾಯಿ ವ್ಯಾಪಾರಿಗಳು, ಹುಬ್ಬಳ್ಳಿಗೆ ಹೋಗುವ ಗಡಿಬಿಡಿಯಲ್ಲಿದ್ದರು.

"ಬಂಬ ನಿಮಗೇ ಬಿಟ್ಟೇವಿ. ಮಣಿನೂ ಇರಲಿ, ಇದರ ಮ್ಯಾಲೆ ಕುಂತು ಜಳಕ ಮಾಡ್ರಿ. ಈ ಮನ್ಯಾಗ ಹನ್ನೆರಡು ವರ್ಷದಾಗ ಒಂದು ಸಲನೂ ಫ್ಯೂಸ್ ಹೋಗಿಲ್ಲ ನೋಡ್ರಿ," ಎಂದರು. ಎಷ್ಟು ಒಳ್ಳೆಯ ಜನ, ಎಷ್ಟು ಒಳ್ಳೆಯ ಮನೆ ಎಂದುಕೊಂಡು ಬಂದೆವು.

ಗೃಹಪ್ರವೇಶದ ಹಿಂದಿನ ದಿನ ಮುಂಜಾನೆ ಮನೆ ತೊಳೆಯಲು ಹೋದೆವು. ಮೂಲೆಮೂಲೆಯಲ್ಲೂ ಮೆಣಸಿನಕಾಯಿ ಧೂಳು. ಸೀನಿ ಸೀನಿ ಮೂಗು ಕೆಂಪಾದವು. ಹಳಬರ ಮನೆಗೆಲಸಕ್ಕಿದ್ದ ಮೈಲವ್ವ ನಮ್ಮಲ್ಲೂ ಮುಂದುವರಿಯಲು ಒಪ್ಪಿದ್ದಳು. ಅವಳೊಬ್ಬಳೇ ಸೀನದೆ ಕೆಲಸ ಮಾಡುತ್ತಿದ್ದಳು. ಬಂಬಕ್ಕೆ ನೀರು ತುಂಬಿಸಿ, ಬಚ್ಚಲು ತಿಕ್ಕಿಸಿ, ಅತ್ತೆ ಆ ಮಣೆಯನ್ನು ಕಾಲಿನಿಂದ ಹೊರಗೆ ಸರಿಸಿದರು.

"ಮೈಲವ್ವ, ಇದನ್ನ ನೀ ಒಯ್ಯಿ. ಮಂದಿ ಮೈ ತೊಳಕೊಂಡ ಮಣಿ ನಮಗ ಬ್ಯಾಡ. ನಾಳೆ ನಾ ಕಲ್ಲಿನ ಮ್ಯಾಲೇ ಕೂತು ಜಳಕ ಮಾಡ್ತೀನಿ."

ಮೈಲವ್ವ ಮಣೆ ಎತ್ತಲಿಲ್ಲ. "ಮಣಿ ಇಲ್ದ ಹೆಂಗ ಕುಂದರ್ತೀರಿ ಅವ್ವಾರ? ಬಂಬ ಮುಟ್ಟಿದರ ಜುಮ್ ಅಂತೈತಿ."

"ಜುಮ್ ಅಂದ್ರ?"

"ಕೈಯಾಗ ಇರಿವಿ ಹರದಂಗ. ಹಳೇ ಅವ್ವಾರು ಮಣಿ ಬಿಟ್ಟು ಕೆಳಗ ಕಾಲ ಇಡತಿರಲಿಲ್ಲ. ನಾ ತಿಕ್ಕೋ ಮುಂದ ಬಟನ್ ಆರಿಸಿ ತಿಕ್ಕತಿದ್ದೆ."

ಅತ್ತೆ ನಕ್ಕರು. "ಬಿಸಿ ತಾಮ್ರ ಮುಟ್ಟಿದರ ಹಂಗೇ ಆಗ್ತದ. ಹನ್ನೆರಡು ವರ್ಷ ಅವರಿಗೇನೂ ಆಗಿಲ್ಲ, ನನಗೇನಾಗ್ತದ?"

ಯಜಮಾನರೂ ಅವರ ಕಡೆಗೇ ವಾಲಿದರು. "ನಾಳೆ ಕಾರ್ಯ ಇಟಗೊಂಡು ಇವತ್ತ ಯಾರನ್ನ ಹುಡುಕಲಿ? ಆಮ್ಯಾಲೆ ನೋಡೋಣಂತ."

ನಾನೂ ಸುಮ್ಮನಾಗುತ್ತಿದ್ದೆ. ಆದರೆ ಮೈಲವ್ವ ಇನ್ನೂ ಆ ಮಣೆಯ ಮುಂದೆಯೇ ನಿಂತಿದ್ದಳು. ನನ್ನ ಕಡೆ ತಿರುಗಿ ಮೆಲ್ಲಗೆ, "ಎರಡು ಮನಿ ದಾಟಿದರ ಶಮಶೇರಸಾಬರು ಅದಾರ. ಲೈನ್‌ಮನ್ ಇದ್ದವರು. ಒಂದು ಮಾತು ಕೇಳಿ ಬರ್ರಿ ಬಾಯಾರ," ಎಂದಳು. ಅವಳ ಮಾತಿಗೆ ಎದ್ದು ಹೋದೆನಲ್ಲ, ಆ ಬುದ್ಧಿ ಕೊಟ್ಟ ದೇವರು ದೊಡ್ಡವನು.

ಶಮಶೇರಸಾಬರು ಸೇವೆಯಿಂದ ನಿವೃತ್ತರಾದವರು. ಕಟ್ಟೆಯ ಮೇಲೆ ಕುಳಿತು ನನ್ನ ಮಾತು ಕೇಳುತ್ತಿದ್ದವರು ಮಣೆಯ ವಿಷಯ ಬಂದೊಡನೆ ಎದ್ದು ಟೆಸ್ಟರ್ ತೆಗೆದುಕೊಂಡು ಬಂದರು.

ತೊಳೆದ ನಡುಮನೆಯ ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು. "ಈಗರ ತೊಳದದ್ದು. ಚಪ್ಪಲಿ ಬಿಟ್ಟು ಬರ್ರಿ."

"ಬಿಡಂಗಿಲ್ರಿ ತಾಯಿ. ಇವು ರಬ್ಬರಿನವು. ಗೊತ್ತಿಲ್ಲದ ಬಂಬದ ಹತ್ರ ಬರಿಗಾಲಲೆ ಹೋಗೂದಿಲ್ಲ ನಾ. ಬ್ಯಾಡಂದ್ರ ಇಲ್ಲಿಂದನ ತಿರುಗಿ ಹೋಗತೇನಿ."

ಅತ್ತೆಯ ಮುಖ ಬಿಗಿಯಿತು. ಆದರೂ ಪಕ್ಕಕ್ಕೆ ಸರಿದರು. ಸಾಬರು ಚಪ್ಪಲಿಯಲ್ಲೇ ಒಳಗೆ ಹೋದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ ಬಟನ್ ಒತ್ತಿ, ಟೆಸ್ಟರಿನ ತುದಿಯನ್ನು ತಾಮ್ರಕ್ಕೆ ತಾಗಿಸಿದರು. ಟೆಸ್ಟರಿನ ಒಳಗಿನ ಸಣ್ಣ ದೀಪ ಕೆಂಪಗೆ ಹೊತ್ತಿತು. ಬಟನ್ ಆರಿಸಿದರು, ದೀಪ ಆರಿತು. ಮತ್ತೆ ಒತ್ತಿದರು, ಮತ್ತೆ ಹೊತ್ತಿತು.

"ನೋಡಿದ್ರಿಲ್ಲ? ಕಾಯಿಲ್ ಹಳೇದಾಗಿ ಕರೆಂಟ್ ಬಂಬಕ್ಕ ಇಳಿದೈತಿ. ಕರೆಂಟ್ ಯಾವಾಗಲೂ ಭೂಮಿಗೆ ಹೋಗಾಕ ದಾರಿ ಹುಡುಕತೈತಿ. ಒಣ ಮಣಿ ಮ್ಯಾಲೆ ಕುಂತವರಿಗೆ ಆ ದಾರಿ ಅರ್ಧ ಬಂದ್ ಆಗಿತ್ತು, ಅದಕ್ಕ ಬರೇ ಜುಮ್ ಅಂತಿತ್ತು. ಅದೂ ಅವರ ನಸೀಬು. ಹಸೀ ಕಲ್ಲಿನ ಮ್ಯಾಲೆ ಕುಂತು, ಒದ್ದಿ ಕೈಲೆ ಮುಟ್ಟಿದ್ರ..." ಎಂದು ಬಟನ್ ಆರಿಸಿದರು.

"ನಾಳೆ ಆರಕ್ಕ ನನ್ನ ಜಳಕ ಇತ್ತು," ಎಂದರು ಅತ್ತೆ.

"ಫ್ಯೂಸ್ ಹೋಗಬೇಕಿತ್ತಲ್ರಿ ಸಾಬರ?" ಎಂದು ಯಜಮಾನರು ಕೇಳಿದರು. ಸಾಬರು ಮೇನ್ ಸ್ವಿಚ್ ಆರಿಸಿ ಫ್ಯೂಸ್ ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. ಕೂದಲಿನಷ್ಟು ತಂತಿ ಇರಬೇಕಾದಲ್ಲಿ ಗಂಟು ಕಟ್ಟುವ ದಪ್ಪ ತಂತಿ ಸುತ್ತಿದ್ದರು.

"ಇದು ಹೆಂಗ ಹೋಗತೈತ್ರಿ? ಫ್ಯೂಸ್ ಹೋಗೂದು ಮನಿ ಉಳಿಸಾಕ. ಪದೇ ಪದೇ ಹೋದ್ರ, ಯಾಕ ಹೋತು ಅಂತ ಹುಡುಕಬೇಕು. ಅದರ ಬಾಯಿ ಕಟ್ಟಿದ್ರ ಮನಿನ ಸುಡತೈತಿ. ಸೋರಿದ ಕರೆಂಟ್ ಭೂಮಿಗೆ ಇಳಸೂ ಅರ್ಥಿಂಗಂತೂ ಇಲ್ಲವೇ ಇಲ್ಲ. ಪ್ಲಗ್ ನೋಡ್ರಿ, ಎರಡ ಪಿನ್ನು."

ಆಗಲೇ ಕಾಯಿಲಿನ ವೈರು ಬಿಚ್ಚಿ ತೆಗೆದರು. "ನಾಳೆ ಕಟ್ಟಿಗಿ ಹಾಕಿ ಕಾಯಸ್ರಿ. ಮುಹೂರ್ತ ತಪ್ಪಿಸೂದು ಬ್ಯಾಡ," ಎಂದರು.

ಮರುದಿನ ಅತ್ತೆ ಕಟ್ಟಿಗೆ ಹಾಕಿ ಕಾಯಿಸಿದ ನೀರಿನಲ್ಲಿ ಜಳಕ ಮಾಡಿದರು. ಎಷ್ಟು ಹೊತ್ತಾದರೂ ಯಾರೂ ಬಾಗಿಲು ಬಡಿಯಲಿಲ್ಲ. ಹೊರಗೆ ಬಂದವರು ದೇವರಿಗೆ ಕೈ ಮುಗಿದು, ಹಿತ್ತಲಿಗೆ ಹೋಗಿ ಮೈಲವ್ವನ ಎರಡೂ ಕೈ ಹಿಡಿದುಕೊಂಡರು. "ನಿನ್ನ ಮಾತಿಗೆ ನಕ್ಕೆ. ಮನಸಿನ್ಯಾಗ ಇಟಗೋಬ್ಯಾಡ," ಎಂದರು. ಮಡಿಯುಟ್ಟ ಅತ್ತೆ ಹಾಗೆ ಯಾರನ್ನೂ ಮುಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಮಣೆ ಈಗ ಮೈಲವ್ವನ ಮನೆಯಲ್ಲಿದೆ. ಅದರ ಮೇಲೆ ಕುಳಿತೇ ಅವಳು ರೊಟ್ಟಿ ಬಡಿಯುತ್ತಾಳೆ.

ಆ ವಾರದಲ್ಲಿ ಶಮಶೇರಸಾಬರು ಮುಂದೆ ನಿಂತು ಲೈಸೆನ್ಸ್ ಇದ್ದ ವೈರ್‌ಮನ್‌ನಿಂದ ಎಲ್ಲ ಕೆಲಸ ಮಾಡಿಸಿದರು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಅರ್ಥಿಂಗ್ ಪೈಪು ನೆಟ್ಟರು. ಹೊಸ ಕಾಯಿಲ್, ಮೂರು ಪಿನ್ನಿನ ಪ್ಲಗ್, ಸರಿಯಾದ ಫ್ಯೂಸ್ ಬಂದವು. ಕೆಲಸ ಮುಗಿದ ದಿನ ಸಾಬರು ಟೆಸ್ಟರ್ ಹಿಡಿದು ಎಲ್ಲ ಪರೀಕ್ಷಿಸಿದರು. ದೀಪ ಹೊತ್ತಲಿಲ್ಲ. ಆಮೇಲೆ ಹೊರಗೆ ಹೋಗಿ ಬಾಗಿಲ ಬಳಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದು, ಒದ್ದೆ ಕಲ್ಲಿನ ಮೇಲೆ ನಿಂತು ಬಂಬದ ಮೇಲೆ ಅಂಗೈ ಇಟ್ಟರು.

"ಈಗ ಇದು ನಿಮ್ಮ ಬಚ್ಚಲ, ತಾಯಿ," ಎಂದರು.

ಅತ್ತೆ ಒಳಗೆ ಹೋಗಿ ಹೋಳಿಗೆಯ ತಾಟು ತಂದು ಅವರ ಮುಂದಿಟ್ಟರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮಗೆ ಸಿಕ್ಕ ಪುಣ್ಯ ಎಲ್ಲರಿಗೂ ಸಿಗುತ್ತದೆಂದು ಹೇಳಲಾರೆ. ಹಳೇ ಮನೆ ಕೊಳ್ಳುವಾಗ ಮಾರುವವರ ಮಾತಿನ ಮೇಲೇ ನಿಲ್ಲಬೇಡಿ. ಆ ಮನೆಯ ಬಚ್ಚಲು ತಿಕ್ಕಿದವರನ್ನು ಕೇಳಿ. ಜುಮ್ ಎನ್ನುತ್ತದೆ ಎಂದರೆ ನಗಬೇಡಿ. ನೀರು ಕಾದ ಮೇಲೆ ಬಟನ್ ಆರಿಸಿ, ಪ್ಲಗ್ ಕಿತ್ತ ನಂತರವೇ ಜಳಕಕ್ಕೆ ಕುಳಿತುಕೊಳ್ಳಿ. ಮುಹೂರ್ತ ಕೇಳುವ ಮೊದಲು ತಿಳಿದ ವೈರ್‌ಮನ್‌ನನ್ನು ಕರೆದು ಫ್ಯೂಸು, ಅರ್ಥಿಂಗು, ಬಂಬ ತೋರಿಸಿ. ಅವನು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರೆ ದಯವಿಟ್ಟು ಬೇಡ ಎನ್ನಬೇಡಿ.