ನಿಮ್ಮ ಕುರಿ ಎಷ್ಟು?

ಕಾಲೇಜಿನವರು ಭಾಷಣಕ್ಕೆ ಕರೆದಾಗಲೆಲ್ಲ ‘ಕುರಿ ಕಾಯುತ್ತಿದ್ದ ಮಾದೇವಿ ಈಗ ಸಾಫ್ಟ್‌ವೇರ್ ತಂಡದ ಮುಖ್ಯಸ್ಥೆ’ ಎಂದು ನನ್ನನ್ನು ಪರಿಚಯಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಮೈ ಉರಿಯುತ್ತದೆ. ಕುರಿ ಕಾಯುವುದೇನು ಜ್ವರವೇ, ವಾಸಿಯಾಯಿತೆಂದು ಸಂತೋಷಪಡಲಿಕ್ಕೆ? ಹದಿನೇಳನೇ ವಯಸ್ಸಿನವರೆಗೆ ಕಾಕಾ ಗಿರಮಲ್ಲಪ್ಪನ ಹಿಂಡಿನ ಹಿಂದೆ ನಡೆದೆ. ಆಮೇಲೆ ಜಮಖಂಡಿ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಬಾಂಡ್ ಪೇಪರ್ ಟೈಪ್ ಮಾಡಿದೆ. ಅಲ್ಲಿನ ಕಂಪ್ಯೂಟರ್ ದಿನಕ್ಕೆರಡು ಸಲ ಕೈಕೊಡುತ್ತಿತ್ತು. ಅದರ ಹೊಟ್ಟೆಯಲ್ಲೇನಿದೆ ಎಂದು ಕೆದಕುತ್ತ ಕೆದಕುತ್ತ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಪದವಿ ಇಲ್ಲ. ಈಗ ಜಮಖಂಡಿಯಲ್ಲೇ ಹದಿನಾಲ್ಕು ಮಂದಿ ನನ್ನ ಜೊತೆ ಕೆಲಸ ಮಾಡುತ್ತಾರೆ.

ಭಾಷಣದಲ್ಲಿ ನಾನು ಹೇಳುವುದು ಒಂದೇ ಮಾತು: ಯಾರಿಗಾಗಿ ಬರೆಯುತ್ತೀರೋ ಅವರ ಬದುಕು ತಿಳಿದು ಬರೆಯಿರಿ.

ಹೋದ ವರ್ಷ ಕುರಿಗಾರರ ಸಂಘವೊಂದು ಲಸಿಕೆ ಹಂಚಲು ನಮ್ಮಿಂದ ಆ್ಯಪ್ ಮಾಡಿಸಿತು. ಕುರಿಗಾರರು ಮೊಬೈಲಿನಲ್ಲಿ ಹೆಸರು, ಊರು, ಕುರಿಗಳ ಸಂಖ್ಯೆ ತುಂಬಬೇಕು, ಅದಕ್ಕೆ ತಕ್ಕಷ್ಟು ಲಸಿಕೆ ಬರುತ್ತದೆ. ಲಸಿಕೆಯೇನೋ ಬಂತು, ಆದರೆ ಎಷ್ಟೋ ಹಿಂಡುಗಳಿಗೆ ಸಾಲಲಿಲ್ಲ. ಬೇನೆ ಬಿದ್ದು ಕುರಿ ಸತ್ತವು. ನನ್ನ ತಂಡದ ರಂಜನಾ ಎಲ್ಲ ತಪಾಸಣೆ ಮಾಡಿ ವರದಿ ಬರೆದಳು: ನಲವತ್ತೆರಡು ಕುರಿಗಾರರು ಸುಳ್ಳು ಸಂಖ್ಯೆ ಕೊಟ್ಟಿದ್ದಾರೆ, ಆ್ಯಪ್‌ನಲ್ಲಿ ದೋಷವಿಲ್ಲ. ನಾನು ಅದಕ್ಕೆ ಸಹಿ ಹಾಕಿದರೆ ಸಂಘದ ಅಧ್ಯಕ್ಷ ಪಾಂಡಪ್ಪನವರು ಅಷ್ಟೂ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ, ಉಳಿದ ಕುರಿಗಳಿಗೂ ಲಸಿಕೆ ಸಿಗುವುದಿಲ್ಲ. ಹಾಕದಿದ್ದರೆ ತಪ್ಪು ನಮ್ಮ ತಲೆಗೆ ಬಂದು, ಸಂಘದ ಕೆಲಸ ಕೈಬಿಟ್ಟುಹೋಗುತ್ತದೆ.

ವರದಿಯ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ನನ್ನ ಕಾಕಾನದು. ಕುರಿ: ಅರವತ್ತು. ಓದಿದ ಕೂಡಲೇ ಕಾರಣ ಹೊಳೆಯಿತು. ನಮ್ಮ ಹಳಬರು ಕುರಿಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂಡಿಗೆ ದೃಷ್ಟಿ ತಾಗುತ್ತದೆ ಎಂಬ ಹೆದರಿಕೆ. ಹೊರಗಿನವರು ಒತ್ತಾಯಿಸಿದರೆ ಬಾಯಿಗೆ ಬಂದಷ್ಟು ಕಡಿಮೆ ಹೇಳಿ ಸಾಗಹಾಕುತ್ತಾರೆ. ಚಿಕ್ಕವಳಿದ್ದಾಗ ಕುರಿ ಎಣಿಸಿ ಕೂಗಿ ಹೇಳಿದ್ದಕ್ಕೆ ಅವ್ವನಿಂದ ಬೆನ್ನಿಗೆ ಗುದ್ದು ತಿಂದವಳು ನಾನು. ಆ್ಯಪ್‌ಗೆ ಆ ಪ್ರಶ್ನೆ ಸೇರಿಸಿ, ಉತ್ತರಿಸದೆ ಮುಂದೆ ಹೋಗುವಂತಿಲ್ಲ ಎಂದು ಕಡ್ಡಾಯ ಮಾಡಿದವಳೂ ನಾನೇ. ಒಂದು ಕ್ಷಣ ಕೂಡ ನೆನಪಾಗಲಿಲ್ಲ. ನನ್ನ ಬುದ್ಧಿವಂತಿಕೆಗೆ ಬೆಂಕಿ ಹಾಕಬೇಕು.

ಭಾನುವಾರ ರಂಜನಾಳನ್ನು ಕರೆದುಕೊಂಡು ಹೋದೆ. ತೇರದಾಳದ ಆಚೆ, ಕಬ್ಬು ಕಡಿದ ಹೊಲದಲ್ಲಿ ಕಾಕಾ ಕುರಿ ತರುಬಿ ಬೀಡುಬಿಟ್ಟಿದ್ದ. ಎಷ್ಟು ಕುರಿ ಸತ್ತವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ರಂಜನಾ ಬನಹಟ್ಟಿಯ ನೇಕಾರರ ಮನೆಯವಳು, ಅವಳಿಗೆ ಇದೆಲ್ಲ ಏನು ಗೊತ್ತು? ಒಟ್ಟು ಎಷ್ಟು ಕುರಿ ಇವೆಯೆಂದು ನೇರವಾಗಿ ಕೇಳಿದಳು. ಅದಾವಳ್ರಿ ಒಂದಿಷ್ಟು, ಎಂದು ಕಾಕಾ ಬೇರೆ ಕಡೆ ನೋಡಿದ.

ಐವತ್ತು ಕುರಿಗೆ ಸಾಲುವ ಲಸಿಕೆ ಬಾಟಲಿಯನ್ನು ಚೀಲದಿಂದ ತೆಗೆದು ತೋರಿಸಿ, ಇಂಥವು ಎಷ್ಟು ಬೇಕೆಂದು ನಾನು ಕೇಳಿದೆ.

“ಐದು ತಾ,” ಎಂದ ಕಾಕಾ, ತಡವೇ ಮಾಡದೆ. “ಐದನೇದ್ರಾಗ ತುಸು ಉಳೀತೈತಿ.”

ರಂಜನಾ ಬಾಯಿ ತೆರೆದು ನನ್ನನ್ನೇ ನೋಡಿದಳು. ಕುರಿಯ ಸಂಖ್ಯೆ ಕೇಳುವ ಬದಲು ಬಾಟಲಿ ಎಷ್ಟು ಬೇಕೆಂದು ಕೇಳಿದರೆ ಮುಗಿಯಿತು. ಅಲ್ಲೇ ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತು ಆ್ಯಪ್‌ನ ಪ್ರಶ್ನೆಯನ್ನು ಬದಲಿಸಿದಳು.

ನಾನು ಪಕ್ಕಕ್ಕೆ ಸರಿದು ಪಾಂಡಪ್ಪನವರಿಗೆ ಫೋನ್ ಮಾಡಿದೆ.

“ತಪ್ಪು ಕುರಿಗಾರರದಲ್ರೀ. ಕೇಳಬಾರದ್ದನ್ನ ಕೇಳಿದಾಕಿ ನಾನು. ವರದಿಯೊಳಗ ನನ್ನ ಹೆಸರ ಬರೀತೇನಿ. ಅವರ ಹೆಸರು ಒಂದೂ ತಗೀಬ್ಯಾಡ್ರಿ.”

ಹೆಸರು ಉಳಿಸುತ್ತೇವೆ, ನಿಮಗೆ ಮುಂದೆ ಕೆಲಸ ಕೊಡುವುದನ್ನು ಮಾತ್ರ ಯೋಚಿಸಬೇಕಾಗುತ್ತದೆ ಎಂದರು ಅವರು. ಆಗಲಿ ಎಂದೆ. ಎದೆಯ ಮೇಲಿನ ಭಾರ ಇಳಿದಂತಾಯಿತು.

ತಿರುಗಿದರೆ ಕಾಕಾ ಹಿಂದೆಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಮೊಬೈಲಿನ್ಯಾಗ ಅದನ್ನ ಕೇಳಿದಾಕಿ ನೀನಾ?”

ಹೌದೆಂದೆ.

“ನಾ ಯಾರೋ ಹೊರಗಿನಾವ್ರು ಕೇಳ್ಯಾರಂತ ತಿಳಿದಿದ್ದೆ.”

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಒಲೆಯ ಕಡೆ ಹೋಗಿ ಚಹಾ ಕಾಯಿಸಿಕೊಂಡು ಬಂದ. ಮೊದಲು ರಂಜನಾಳಿಗೆ ಕೊಟ್ಟ. ಆಮೇಲೆ ನನ್ನ ಮುಂದೆ ಕಪ್ಪು ಹಿಡಿದು, “ತಗೋರಿ,” ಎಂದ. ಹುಟ್ಟಿದಾಗಿನಿಂದ ಕಾಕಾ ನನ್ನ ಜೊತೆ ‘ರೀ’ ಹಚ್ಚಿ ಮಾತಾಡಿದ್ದು ಅದೇ ಮೊದಲು.